ಪಾರ್ಕಿನ ದಂಡಕ್ಕೆ ರಸೀದಿ ಇರಲಿಲ್ಲ

ಬೆಂಗಳೂರಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕರಿಕೋಟು ಸವೆಸಿದವನು ನಾನು. ದಂಡ ಸಂಹಿತೆಯ 377ನೇ ಕಲಂ ಹತ್ತು ವರ್ಷ ಜೈಲು, ಬೇಕಾದರೆ ಜೀವಾವಧಿ ಎನ್ನುತ್ತಿತ್ತು. ಆದರೂ ಇಬ್ಬರು ವಯಸ್ಕ ಗಂಡಸರು ಒಪ್ಪಿ ಕೂಡಿದ್ದಕ್ಕೆ ಆ ಕಲಮಿನಡಿ ವಿಚಾರಣೆ ನಡೆದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಅದರ ಹೆಸರು ಹೇಳಿ ಪೊಲೀಸರು ಜೇಬು ಖಾಲಿ ಮಾಡಿಸಿದ ಕತೆಗಳನ್ನು ಮಾತ್ರ ಬೇಕಾದಷ್ಟು ಕೇಳಿದ್ದೇನೆ.

ಅಂಥ ಕಕ್ಷಿದಾರರು ಜಮೀನಿನ ತಕರಾರು ಅಂತ ಗುಮಾಸ್ತನಿಗೆ ಹೇಳಿ ಒಳಗೆ ಬರುತ್ತಿದ್ದರು. ಬಾಗಿಲು ಮುಂದೆ ಮಾಡಿದ ಮೇಲೆ ಉಂಗುರವಿಲ್ಲದ ಬೆರಳು, ಎಚ್‌ಎಂಟಿ ವಾಚಿಲ್ಲದ ಮಣಿಕಟ್ಟು ತೋರಿಸುತ್ತಿದ್ದರು. ‘ದೂರು ಕೊಡೋಣವೇ?’ ಅಂದರೆ ಕೈಮುಗಿಯುತ್ತಿದ್ದರು. ಅವರಿಗೆ ಜೈಲಿನ ಭಯವಿರಲಿಲ್ಲ. ‘ನಿಮ್ಮ ಆಫೀಸಿಗೆ ಫೋನ್ ಮಾಡ್ಲಾ, ಮನೆಗೆ ಬರ್ಲಾ?’ ಎಂಬ ಒಂದು ಮಾತು ಸಾಕಾಗಿತ್ತು.

1870ರಲ್ಲಿ ಮಿಲಿಟರಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕು ಊರಿನ ಸಭ್ಯರು ಗಾಳಿ ಸೇವಿಸಲೆಂದು ಮಾಡಿದ್ದು. ಹೈಕೋರ್ಟಿನ ಕೆಂಪು ಕಟ್ಟಡ ನಿಂತಿರುವುದೂ ಅದರ ಅಂಚಿನಲ್ಲೇ. ನ್ಯಾಯಮೂರ್ತಿಗಳ ಕಾರು ಹೊರಟ ಮೇಲೆ ಬಿದಿರುಮೆಳೆಗಳ ಕಡೆ ಬೇರೆ ಜನ ಸೇರುತ್ತಿದ್ದರು: ಕಾರ್ಖಾನೆಯವರು, ಹೋಟೆಲ್ ಮಾಣಿಗಳು, ಹೆಂಡತಿ ಮಕ್ಕಳಿದ್ದ ಗುಮಾಸ್ತರು. ಪಾರ್ಕೇ ಯಾಕೆ ಎಂದು ಕೇಳುವವರು ವಠಾರದಲ್ಲಿ ಬಾಳಿದವರಲ್ಲ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ಗಂಡ ಹೆಂಡತಿ ಪಿಸುಗುಟ್ಟುವುದಕ್ಕೂ ಜಾಗವಿರಲಿಲ್ಲ, ಇನ್ನು ಇವರಿಗೆಲ್ಲಿ? ಲಾಡ್ಜಿನ ರಿಜಿಸ್ಟರಿನಲ್ಲಿ ಹೆಸರು ಬರೆಯಲು ಹಣವೂ ಬೇಕು, ಧೈರ್ಯವೂ ಬೇಕು.

ಬಯಲಲ್ಲಿ ಅಸಭ್ಯವಾಗಿ ನಡೆದುಕೊಂಡರೆ ಅದಕ್ಕೆ ಕಾನೂನು ಆಗಲೂ ಇತ್ತು, ಈಗಲೂ ಇದೆ. ಪೆಟ್ಟಿ ಕೇಸು ಹಾಕಿ, ದಂಡ ಕಟ್ಟಿಸಿ, ರಸೀದಿ ಕೊಟ್ಟು ಕಳಿಸಬಹುದಿತ್ತು. ಅದರಲ್ಲಿ ನನ್ನ ತಕರಾರಿಲ್ಲ, ಮಕ್ಕಳು ಓಡಾಡುವ ಜಾಗವದು. ಆದರೆ ಕೇಸು ಹಾಕಿದರೆ ದುಡ್ಡು ಸರ್ಕಾರಕ್ಕೆ ಹೋಗುತ್ತದೆ, ಬೆದರಿಸಿದರೆ ಜೇಬಿಗೆ ಬರುತ್ತದೆ. ಹಾಗಾಗಿ ಸುಮ್ಮನೆ ಬೆಂಚಿನ ಮೇಲೆ ಕೂತವನೂ ಲಾಠಿಯ ತುದಿಗೆ ಸಿಗುತ್ತಿದ್ದ. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಉಲ್ಲಂಘನೆ ಕುರಿತು ವರದಿ ತಂದಾಗ ಸುಲಿಗೆ, ಅಕ್ರಮ ಬಂಧನ, ಹೊಡೆತ, ಮನೆಯವರಿಗೆ ಹೇಳುವ ಬೆದರಿಕೆ ಎಲ್ಲ ಅಚ್ಚಾದವು. ನನ್ನ ಕಚೇರಿಯ ಬಾಗಿಲ ಹಿಂದಿನ ಮಾತುಗಳೇ ಅವು. ದೆಹಲಿಯಲ್ಲಿ ಇದಕ್ಕೆ ಮೊದಲೇ, 1992ರಲ್ಲಿ, ಕನಾಟ್ ಪ್ಲೇಸಿನ ಪಾರ್ಕಿನಿಂದ ಗಂಡಸರನ್ನು ಎಳೆದೊಯ್ದದ್ದಕ್ಕೆ ಏಡ್ಸ್ ಭೇದಭಾವ ವಿರೋಧಿ ಆಂದೋಲನದವರು ಪೊಲೀಸ್ ಕೇಂದ್ರ ಕಚೇರಿಯ ಎದುರು ಧರಣಿ ಕೂತಿದ್ದರು.

ಲಾಠಿ ಬಿಟ್ಟರೆ ಮದ್ದು. ನಮ್ಮವರ ಮನೆಮದ್ದು ಮದುವೆ. ‘ಒಂದು ಹುಡುಗಿ ಕಟ್ಟಿ, ಎಲ್ಲ ಸರಿಹೋಗ್ತದೆ.’ ಆ ಮದ್ದಿನ ಕಹಿ ಕುಡಿದದ್ದು ಆ ಹುಡುಗಿ, ಅವಳ ಹೆಸರನ್ನು ಯಾವ ವರದಿಯೂ ಬರೆಯಲಿಲ್ಲ. ಓದಿದವರು ಮನೋವೈದ್ಯರ ಹತ್ತಿರ ಕರೆದೊಯ್ದರು. ಗಂಡಸಿನ ಚಿತ್ರ ತೋರಿಸುತ್ತ ವಿದ್ಯುತ್ ಶಾಕ್ ಕೊಡುವ ಚಿಕಿತ್ಸೆಯ ಬಗ್ಗೆ ನಮ್ಮ ದೇಶದ ವೈದ್ಯ ಪತ್ರಿಕೆಗಳು 80ರ ದಶಕದಲ್ಲೂ ಬರೆಯುತ್ತಿದ್ದವು. ಸಲಿಂಗಕಾಮ ರೋಗವೇ ಅಲ್ಲ ಎಂದು ಅಮೆರಿಕದ ಮನೋವೈದ್ಯರ ಸಂಘ ತೀರ್ಮಾನಿಸಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಅದಾದ ಮೇಲೂ, 2001ರಲ್ಲಿ, ಇಂಥ ಚಿಕಿತ್ಸೆಯ ವಿರುದ್ಧದ ದೂರೊಂದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಳ್ಳಿಹಾಕಿತು. 377 ಜಾರಿಯಲ್ಲಿದೆಯಲ್ಲ, ನಾವೇನು ಮಾಡೋಣ ಎಂಬ ಧಾಟಿ ಅದರದು. ಪೊಲೀಸಿನವನಿಗೆ ಆದಾಯ ಕೊಟ್ಟ ಕಲಮೇ ವೈದ್ಯನಿಗೂ ರಕ್ಷಣೆ ಕೊಟ್ಟಿತು.

ಮಿಕ್ಕವರು, ಅಂದರೆ ನಾವು? ಬೆಳಗಿನ ವಾಕಿಂಗಿನ ಗೆಳೆಯರು ‘ಎಲ್ಲರನ್ನೂ ಒದ್ದು ಒಳಗೆ ಹಾಕಬೇಕು’ ಅನ್ನುತ್ತಿದ್ದರು, ಕರುಣೆಯುಳ್ಳವರು ‘ಪಾಪ, ಡಾಕ್ಟರಿಗೆ ತೋರಿಸಬೇಕು’ ಅನ್ನುತ್ತಿದ್ದರು. ಅವರನ್ನು ಅವರ ಪಾಡಿಗೆ ಬಿಡಿ ಅಂದವರನ್ನು ಆ ಗುಂಪಿನಲ್ಲಿ ನಾನು ಕಾಣಲಿಲ್ಲ.

ಕಾನೂನು ಆಮೇಲೆ ತೂಗುಯ್ಯಾಲೆ ಆಡಿತು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂದಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು, 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್ ತನ್ನನ್ನೇ ತಿದ್ದಿಕೊಂಡಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿದುರ್ನಡತೆ ಎಂದಿತು. ತೀರ್ಪುಗಳಿಗೆ ಸಂಪುಟಗಳಿವೆ. ಪಾರ್ಕಿನಲ್ಲಿ ಕಳೆದುಹೋದ ವಾಚುಗಳಿಗೆ ಒಂದು ಎಫ್‌ಐಆರ್ ಕೂಡ ಇಲ್ಲ.

ಆ ಕಾಲದ ಬೀಟ್ ಪೇದೆಗಳು ನಿವೃತ್ತರಾಗಿದ್ದಾರೆ, ಆ ಗುಮಾಸ್ತರಿಗೆ ಮೊಮ್ಮಕ್ಕಳಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ, ಹೆಸರು ಬೇಡ, ಎರಡು ಪುಟ ಬರೆದಿಡಿ. ಕೊಟ್ಟವರೂ ಬರೆಯಿರಿ, ತೆಗೆದುಕೊಂಡವರೂ ಬರೆಯಿರಿ.