ಕಾಗೆಬಂಗಾರದ ಬಿಲ್ಲೆ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ಬೆಂಕಿಪೊಟ್ಟಣವಿದೆ. ಅದರೊಳಗೆ ನಾಲ್ಕು ತೂತುಗಳಿರುವ ಒಂದು ಮೈಕಾ ಬಿಲ್ಲೆ. ನಮ್ಮ ಕಡೆ ಹಿರಿಯರು ಕಾಗೆಬಂಗಾರ ಎನ್ನುತ್ತಿದ್ದ ಅದೇ ಅಭ್ರಕ. ಬೆಳಕಿಗೆ ಹಿಡಿದರೆ ಮಾತ್ರ ನಡುವೆ ಕೂದಲೆಳೆಯಂಥ ಒಂದು ಬಿರುಕು ಕಾಣಿಸುತ್ತದೆ. ಆ ಬಿರುಕನ್ನು ನಾನು ಸಮಯಕ್ಕೆ ಸರಿಯಾಗಿ ನೋಡಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

1982ರಲ್ಲಿ ನನಗೆ ಹತ್ತೊಂಬತ್ತು ವರ್ಷ. ಶಿವಮೊಗ್ಗದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಮಾಲೀಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಊರಲ್ಲಿಲ್ಲದ ದಿನ ಅಂಬಾಸಿಡರ್ ಟ್ಯಾಕ್ಸಿಯ ಡ್ರೈವರ್ ಒಬ್ಬ ತನ್ನ ಆಂಪ್ಲಿಫೈಯರ್ ತಂದ. ಒಳಗಿದ್ದ ಎರಡು 2ಎನ್3055 ಟ್ರಾನ್ಸಿಸ್ಟರುಗಳಲ್ಲಿ ಒಂದು ಸತ್ತಿತ್ತು. ಹೊಸದು ಹಾಕಿದೆ, ಅಡಿಯ ಹಳೆಯ ಮೈಕಾ ಬಿಲ್ಲೆಯನ್ನು ಒರೆಸಿ ಮತ್ತೆ ಇಟ್ಟೆ. ಗಾಡಿಯ ಫ್ಯೂಸ್ ಹೋಗಿತ್ತು. ಆ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ. ದಪ್ಪ ತಾಮ್ರದ ತಂತಿ ಸುತ್ತಿದೆ. ಹಾಡು ಸೊಗಸಾಗಿ ಬಂತು.

ಮೂರನೆಯ ರಾತ್ರಿ ಮದುವೆ ಮುಗಿಸಿಕೊಂಡು ಬರುತ್ತಿದ್ದವರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಬಂತಂತೆ. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಒಂದು ಕೈಗೂಸು. ಡ್ರೈವರ್ ಕೆಂಪಗೆ ಕಾದ ತಂತಿಯನ್ನು ಬರಿಗೈಯಲ್ಲೇ ಕಿತ್ತು ಎಸೆದಿದ್ದ. ಮರುದಿನ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಬೈಯಲಿಲ್ಲ. “ಹಾಡು ನಿಂತರೆ ನಿಲ್ಲಲಿ ತಮ್ಮಾ, ಗಾಡಿ ಯಾಕೆ ಉರೀಬೇಕಿತ್ತು?” ಎಂದ.

ಮೇಷ್ಟ್ರು ಟ್ರಾನ್ಸಿಸ್ಟರ್ ಬಿಚ್ಚಿ ಬಿಲ್ಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. 2ಎನ್3055ರ ಲೋಹದ ಮೈಯೇ ಅದರ ಕಲೆಕ್ಟರ್. ಅದರ ಶಾಖ ಅಲ್ಯುಮಿನಿಯಂ ತಟ್ಟೆಗೆ ಹರಿಯಬೇಕು, ವಿದ್ಯುತ್ತು ಮಾತ್ರ ಹರಿಯಬಾರದು. ಈ ಎರಡೂ ಕೆಲಸ ಮಾಡುವುದು ಕಾಗದದಷ್ಟು ತೆಳುವಾದ ಆ ಬಿಲ್ಲೆ. ಬಿರುಕಿನ ಮೂಲಕ ಬ್ಯಾಟರಿಯ ಹನ್ನೆರಡು ವೋಲ್ಟು ನೇರವಾಗಿ ಗಾಡಿಯ ಮೈಗೆ ಇಳಿದಿತ್ತು. ಫ್ಯೂಸ್ ಇದ್ದಿದ್ದರೆ ಅದು ಸುಟ್ಟು ಅಲ್ಲಿಗೇ ಮುಗಿಯುತ್ತಿತ್ತು. “ಫ್ಯೂಸ್ ಇರೋದು ಆಂಪ್ಲಿಫೈಯರ್ ಉಳಿಸೋಕಲ್ಲ ಕಣೋ, ತಂತಿ ಉರಿಯದಂಗೆ ನೋಡ್ಕೊಳ್ಳೋಕೆ. ಅದಕ್ಕೇ ಬ್ಯಾಟರಿ ಪಕ್ಕದಲ್ಲೇ ಇರ್ಬೇಕು” ಎಂದರು.

ಆಮೇಲೆ ಈ ಪೆಟ್ಟಿಗೆಗಳ ಚರಿತ್ರೆ ಓದತೊಡಗಿದಾಗ ಬೆಂಕಿಯ ಕಥೆ ಮೊದಲ ಪುಟದಲ್ಲೇ ಸಿಕ್ಕಿತು. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ‘ಮೋಟೊರೋಲಾ’ ಹೆಸರಿನ ಕಾರ್ ರೇಡಿಯೋ ತಂದರು. ಸಾಲ ಕೇಳಲು ಹೋಗಿ ಬ್ಯಾಂಕಿನವರ ಕಾರಿಗೇ ರೇಡಿಯೋ ಜೋಡಿಸಿದಾಗ ಆ ಕಾರಿಗೆ ಬೆಂಕಿ ಬಿತ್ತು ಎಂಬ ಕಥೆ ಪ್ರಚಲಿತದಲ್ಲಿದೆ. ನಿಜವೋ ದಂತಕಥೆಯೋ, ಓದಿದಾಗ ನನಗೆ ಸ್ವಲ್ಪ ಸಮಾಧಾನವಾದದ್ದಂತೂ ನಿಜ.

ಆ ಕಾಲದ ವಾಲ್ವುಗಳಿಗೆ ನೂರಾರು ವೋಲ್ಟು ಬೇಕು. ಕಾರಿನ ಬ್ಯಾಟರಿಯಲ್ಲಿದ್ದದ್ದು ಆರೇ ವೋಲ್ಟು. ಹಾಗಾಗಿ ‘ವೈಬ್ರೇಟರ್’ ಬಂತು. ಸೆಕೆಂಡಿಗೆ ನೂರು ಸಲಕ್ಕೂ ಹೆಚ್ಚು ಅದುರುವ ಒಂದು ಲೋಹದ ನಾಲಗೆ ವಿದ್ಯುತ್ತನ್ನು ಕಡಿದು ಕಡಿದು ಕೊಡುತ್ತಿತ್ತು, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತಿತ್ತು. ಗುಂಯ್‌ಗುಟ್ಟುವ ಈ ನಾಲಗೆಯೇ ಮೊದಲು ಸವೆದು ಸಾಯುತ್ತಿತ್ತು. 1947ರಲ್ಲಿ ಬೆಲ್ ಲ್ಯಾಬೊರೇಟರಿಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1955ರಲ್ಲಿ ಫಿಲ್ಕೋ ಮತ್ತು ಕ್ರೈಸ್ಲರ್ ಸೇರಿ ವಾಲ್ವೇ ಇಲ್ಲದ ಕಾರ್ ರೇಡಿಯೋ ಹೊರತಂದರು. ಬೆಲೆ 150 ಡಾಲರ್. ಜರ್ಮೇನಿಯಂ ಬಿಸಿ ತಡೆಯದ ಧಾತು. ಬಿಸಿಲಿಗೆ ನಿಂತ ಕಾರಿನೊಳಗೆ ಸಿಲಿಕಾನೇ ಸರಿ ಎಂದು ಅನುಭವ ಕಲಿಸಿತು. ನಮ್ಮಲ್ಲಿ ಬೆಂಗಳೂರಿನ ಬಿಇಎಲ್ ಕೂಡ 2ಎನ್3055 ತಯಾರಿಸುತ್ತಿತ್ತು. ಎಸ್.ಪಿ. ರೋಡಿಗೆ ಹೋದಾಗ ಮೇಷ್ಟ್ರು ಅದನ್ನು ಅಂಗೈಯಲ್ಲಿ ತೂಗಿ ನೋಡಿಯೇ ಕೊಳ್ಳುತ್ತಿದ್ದರು. ನಕಲಿ ಮಾಲಿಗೆ ಹೊರಮೈ ಅದೇ, ಒಳಗಿನ ಸಿಲಿಕಾನ್ ಚೂರು ಚಿಕ್ಕದು.

ಹನ್ನೆರಡು ವೋಲ್ಟಿಗೂ ಒಂದು ಮಿತಿಯಿದೆ. ಎಂಜಿನ್ ಓಡುವಾಗ ಸಿಗುವುದು ಸುಮಾರು 14.4 ವೋಲ್ಟು. ಅದರಿಂದ ನಾಲ್ಕು ಓಮ್ ಸ್ಪೀಕರಿಗೆ ಸಾದಾ ಸರ್ಕೀಟು ಐದಾರು ವ್ಯಾಟಿಗಿಂತ ಹೆಚ್ಚು ಕೊಡಲಾರದು. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರು ಜೋಡಿಸಿದರೆ ಇಪ್ಪತ್ತರ ಹತ್ತಿರ ಹೋಗಬಹುದು. ಇನ್ನೂ ಬೇಕೆಂದರೆ ಬ್ಯಾಟರಿಯ ವೋಲ್ಟೇಜನ್ನೇ ಏರಿಸಬೇಕು. ಅದಕ್ಕಾಗಿ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಫೆರೈಟ್ ಉಂಗುರದ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಾರೆ. ನೋಡಿದಿರಾ, ತಾತನ ಕಾಲದ ವೈಬ್ರೇಟರೇ ಮೊಮ್ಮಗನ ವೇಷದಲ್ಲಿ ಮರಳಿ ಬಂದಿದೆ! ನಾಲಗೆಯ ಜಾಗದಲ್ಲಿ ಮಾಸ್‌ಫೆಟ್ ಕೂತಿದೆ, ಅಷ್ಟೆ.

ಈ ಭಾಗದಲ್ಲೇ ತಯಾರಕರ ಪ್ರಾಮಾಣಿಕತೆ ತಿಳಿಯುವುದು. ಇಲ್ಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೊಳಗೆ ದ್ರವವಿರುತ್ತದೆ, ಬಿಸಿಗೆ ಅದು ಒಣಗುತ್ತದೆ. ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಕಸುಬಿನ ಲೆಕ್ಕ. 105 ಡಿಗ್ರಿಯದು ಹಾಕಬೇಕಾದಲ್ಲಿ 85 ಡಿಗ್ರಿಯದು ಹಾಕಿದರೆ ಕೆಲವು ಕಾಸು ಉಳಿಯುತ್ತದೆ. ಅಂಗಡಿಯಲ್ಲಿ ಕೇಳುವಾಗ ಶಬ್ದದಲ್ಲಿ ಎಳ್ಳಷ್ಟೂ ವ್ಯತ್ಯಾಸ ತಿಳಿಯದು. ಅದು ತಿಳಿಯಲು ಎರಡು ಬೇಸಿಗೆ ಕಳೆಯಬೇಕು. ಟ್ರಾನ್ಸಿಸ್ಟರನ್ನು ತಟ್ಟೆಗೆ ಬಿಗಿಯಾಗಿ ಅದುಮುವ ಪಟ್ಟಿ, ಭಾರದ ಭಾಗಗಳು ಅಲುಗದಂತೆ ಹಾಕುವ ಅಂಟು, ತುಂಬು ಬೆಸುಗೆ, ಇವೂ ಹೊರಗಿನಿಂದ ಕಾಣುವುದಿಲ್ಲ. ಕಾಣುವುದು ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟಿನ ಸಂಖ್ಯೆ. ಅಮೆರಿಕದಲ್ಲಿ 2003ರಲ್ಲಿ ಸಿಇಎ-2006 ಎಂಬ ಮಾನದಂಡ ಬಂದು, 14.4 ವೋಲ್ಟು, ನಾಲ್ಕು ಓಮ್, ಶೇಕಡಾ ಒಂದರೊಳಗಿನ ವಿಕೃತಿ ಎಂದು ಅಳತೆಗೊಂದು ಕಟ್ಟು ಹಾಕಿತು. ಆದರೆ ಅದು ಒಪ್ಪಿದವರಿಗೆ ಮಾತ್ರ.

ಹೋದ ವರ್ಷ ತಂಗಿಯ ಮಗ ಹೊಸ ಆಂಪ್ಲಿಫೈಯರ್ ತಂದು ತೋರಿಸಿದ. “ಸಾವಿರ ವ್ಯಾಟ್ ಮಾಮಾ!” ಎಂದ. ನಾನು ಪಕ್ಕದ ಫ್ಯೂಸ್ ನೋಡಿದೆ: 20 ಆಂಪಿಯರ್. ಇಪ್ಪತ್ತನ್ನು 14.4ರಿಂದ ಗುಣಿಸಿದರೆ 288. ಒಳಗೆ ಹೋಗುವುದೇ ಮುನ್ನೂರು ವ್ಯಾಟಿಲ್ಲ, ಹೊರಗೆ ಸಾವಿರ ಬರುವುದು ಎಲ್ಲಿಂದ? ಈಗಿನ ಕ್ಲಾಸ್ ಡಿ ಸರ್ಕೀಟುಗಳು ಶಾಖದಲ್ಲಿ ಕಳೆಯುವುದು ಬಹಳ ಕಡಿಮೆ, ನಿಜ; ಆದರೆ ಇಲ್ಲದ್ದನ್ನು ಅವೂ ಸೃಷ್ಟಿಸಲಾರವು. ಅವನ ಮುಖ ಬಾಡಿತು. ಬ್ಯಾಟರಿಯ ಪಕ್ಕದಲ್ಲಿ ಸರಿಯಾದ ಇನ್ನೊಂದು ಫ್ಯೂಸ್ ಹಾಕಿಸಿಯೇ ಅವನನ್ನು ಕಳಿಸಿದೆ.

ಟ್ಯಾಕ್ಸಿಯ ವೈರಿಂಗ್ ಖರ್ಚನ್ನು ಮೇಷ್ಟ್ರು ಕೊಟ್ಟು, ಆರು ತಿಂಗಳು ನನ್ನ ಸಂಬಳದಲ್ಲಿ ಹಿಡಿದರು. ನ್ಯಾಯವೇ ಆಗಿತ್ತು. ಬಿಲ್ಲೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ನನ್ನ ಕೈಗಿತ್ತವರೂ ಅವರೇ. ಆ ಡ್ರೈವರ್ ಮತ್ತೆ ಬರುವುದಿಲ್ಲವೆಂದುಕೊಂಡಿದ್ದೆ. ಮರುವರ್ಷ ಬಂದ. ನಾನು ಟ್ರಾನ್ಸಿಸ್ಟರ್ ಕೂರಿಸುವ ಮೊದಲು ಕಲೆಯಾದ ಅಂಗೈ ಚಾಚಿ, “ಮೈಕಾ ತೋರಿಸು ತಮ್ಮಾ” ಎಂದ. ತೋರಿಸಿದೆ. ಅವನೇ ಅದನ್ನು ಬೆಳಕಿಗೆ ಹಿಡಿದು ನೋಡಿ, ಹೂಂ ಎಂದು ವಾಪಸು ಕೊಟ್ಟ.