ಕರೆಂಟ್ ಹೋದರೆ ಕಂಪ್ಯೂಟರಿನ ಮೆಮೊರಿ ಅಳಿಸಿಹೋಗುತ್ತದೆಯೇ?

ಮಲಪ್ರಭೆ ಹುಟ್ಟುವ ಊರು ಕಣಕುಂಬಿ. ಖಾನಾಪುರ ತಾಲೂಕಿನ ಈ ಘಟ್ಟದ ಊರಿನಲ್ಲಿ ಮಳೆಗಾಲ ಅಂದರೆ ಮರ ಬೀಳುವುದು, ಕರೆಂಟ್ ಹೋಗುವುದು ಇದ್ದದ್ದೇ. ಅರ್ಧ ಟೈಪ್ ಮಾಡಿದ್ದ ಅರ್ಜಿ ಅಲ್ಲಿಗೇ ಮಾಯವಾದರೆ ‘ಮೆಮೊರಿ ಹೋಯ್ತು’ ಅನ್ನುತ್ತೇವೆ. ಈ ಮಾತು ಅರ್ಧ ಸರಿ. ಮೆಮೊರಿ ಎಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಭಾಗಗಳನ್ನು ಕರೆಯುತ್ತಿದ್ದೇವೆ, ಗೊಂದಲ ಅಲ್ಲಿದೆ.

ಒಂದು ರ‍್ಯಾಮ್. ಈ ಕ್ಷಣ ನಡೆಯುತ್ತಿರುವ ಕೆಲಸ ಇರುವುದು ಇದರಲ್ಲಿ. ಇಲ್ಲಿ ಮಾಹಿತಿ ಅತಿ ಸಣ್ಣ ವಿದ್ಯುತ್ ಕಣಜಗಳಲ್ಲಿ ಕುಳಿತಿರುತ್ತದೆ. ಅವು ಸೋರುತ್ತಲೇ ಇರುವುದರಿಂದ ಸೆಕೆಂಡಿಗೆ ಹಲವು ಸಲ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತುಂಬುವವರಿಲ್ಲ, ಎಲ್ಲ ಖಾಲಿ.

ಇನ್ನೊಂದು ಸ್ಟೋರೇಜ್, ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಕಾಂತೀಯ ಗುರುತುಗಳಿರುತ್ತವೆ, ಎಸ್‌ಎಸ್‌ಡಿಯಲ್ಲಿ ಚಿಪ್‌ಗಳು. ಇವೆರಡೂ ಕರೆಂಟ್ ಇಲ್ಲದೆಯೂ ಮಾಹಿತಿ ಹಿಡಿದಿಟ್ಟುಕೊಳ್ಳುತ್ತವೆ. ‘ಸೇವ್’ ಒತ್ತಿದಾಗ ಆಗುವುದು ಇಷ್ಟೇ: ರ‍್ಯಾಮಿನಲ್ಲಿದ್ದದ್ದು ಇಲ್ಲಿಗೆ ಬರೆಯಲ್ಪಡುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು. ಅದು ಸಾಮಾನ್ಯವಾಗಿ ಕೆಲವು ನಿಮಿಷಗಳಿಗಷ್ಟೇ. ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಸಾಕು, ಸಿನಿಮಾ ಮುಗಿಸಲು ಅಲ್ಲ.

ಅಂಗಡಿಯಲ್ಲೂ ಇದೇ ಗೊಂದಲ. ‘8 ಜಿಬಿ, 512 ಜಿಬಿ’ ಎಂದು ಬರೆದಿದ್ದರೆ ಚಿಕ್ಕ ಸಂಖ್ಯೆ ರ‍್ಯಾಮ್, ದೊಡ್ಡದು ಸ್ಟೋರೇಜ್. ಹಳೆಯ ಲ್ಯಾಪ್‌ಟಾಪ್ ಮಾರುವವರು ‘512 ಜಿಬಿ ಮೆಮೊರಿ’ ಎಂದಷ್ಟೇ ಹೇಳಿದರೆ ರ‍್ಯಾಮ್ ಎಷ್ಟು ಅಂತ ಬಿಡದೆ ಕೇಳಿ. ಮೊಬೈಲಿನ ಡಬ್ಬಿಯ ಮೇಲೆ ‘4+4 ಜಿಬಿ ರ‍್ಯಾಮ್’ ಅಂತಿದ್ದರೆ ನಿಜವಾದ ರ‍್ಯಾಮ್ 4 ಮಾತ್ರ. ಉಳಿದದ್ದು ಸ್ಟೋರೇಜಿನಿಂದ ಎರವಲು ಪಡೆದ, ಬಹಳ ನಿಧಾನದ ಜಾಗ.

ಫೋಟೊ ಅಳಿಸಿದರೆ ರ‍್ಯಾಮ್ ಹೆಚ್ಚುತ್ತದೆ ಎಂಬುದೂ ತಪ್ಪು. ಸ್ಟೋರೇಜ್ ತೀರಾ ತುಂಬಿದ್ದರೆ ಮಾತ್ರ, ಅಳಿಸಿದ ಮೇಲೆ ಸ್ವಲ್ಪ ಚುರುಕಾಗಬಹುದು. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಮೋಸವಲ್ಲ. ಕಂಪನಿಯವರು 1000ದಿಂದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರಿಂದ.

ಕೊನೆಗೆ ಸಿಪಿಯು. ನಾವು ಇಡೀ ಡಬ್ಬಿಯನ್ನೇ ಹಾಗೆ ಕರೆಯುತ್ತೇವೆ. ಅಸಲಿಗೆ ಅದು ಒಳಗಿರುವ ಬೆರಳೆರಡಗಲದ ಚಿಪ್, ಸುಲಭಕ್ಕೆ ಕೆಡುವುದಿಲ್ಲ. ಕರೆಂಟ್ ಏರಿಳಿತಕ್ಕೆ ಹಲವು ಸಲ ಕೈಕೊಡುವುದು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ. ಹಾಗಾಗಿ ಜಾಂಬೋಟಿ ಮೇಲಿಂದ ಬೆಳಗಾವಿಗೆ ರಿಪೇರಿಗೆ ಹೊತ್ತೊಯ್ದಾಗ ‘ಸಿಪಿಯು ಹೋಗೇತ್ರಿ’ ಅನ್ನುವ ಬದಲು ‘ಬಟನ್ ಒತ್ತಿದ್ರೂ ಫ್ಯಾನ್ ತಿರುಗಂಗಿಲ್ರಿ’ ಅಂತ ಹೇಳಿ.