ಮಸಣದ ಕಾವಲು ಮತ್ತು ಪ್ರೀತಿ: ರಾಘವಾಂಕನಿಂದ ‘ಮಸಾನ್’ವರೆಗೆ

ಕಾಶಿಯಾತ್ರೆ ಮಾಡಿಬಂದ ಕನ್ನಡಿಗರಿಗೆ ಹರಿಶ್ಚಂದ್ರ ಘಾಟ್ ಹೊಸ ಹೆಸರೇನಲ್ಲ. ದಕ್ಷಿಣದವರ ಮಠಗಳೂ ಛತ್ರಗಳೂ ಇರುವ ಹನುಮಾನ್ ಘಾಟ್‌ನಿಂದ ಉತ್ತರಕ್ಕೆ ನಡೆದರೆ ಮೈಸೂರು ಸಂಸ್ಥಾನದ ಕಾಲವನ್ನು ನೆನಪಿಸುವ ಕರ್ನಾಟಕ ಘಾಟ್ ಸಿಗುತ್ತದೆ. ಅದನ್ನು ದಾಟಿದರೆ ಚಿತೆಯ ಹೊಗೆ. ಹೀಗೆ ನಮ್ಮ ನಾಡಿನ ಹೆಸರು ಹೊತ್ತ ಮೆಟ್ಟಿಲುಗಳು ಹರಿಶ್ಚಂದ್ರ ಕಾದ ಮಸಣಕ್ಕೆ ಹೊಂದಿಕೊಂಡೇ ಇವೆ. ಭೂಗೋಳದಲ್ಲಿ ಇದು ಆಕಸ್ಮಿಕವಿರಬಹುದು. ಆದರೆ ಸಾಹಿತ್ಯದಲ್ಲಿ ಕನ್ನಡಿಗನಿಗೂ ಈ ಮಸಣಕ್ಕೂ ಇರುವ ನಂಟು ಸುಮಾರು ಎಂಟು ನೂರು ವರ್ಷಗಳಷ್ಟು ಹಳೆಯದು.

ಈ ನಂಟನ್ನು ಮತ್ತೆ ನೆನೆಯುವಂತೆ ಮಾಡಿದ್ದು 2015ರಲ್ಲಿ ತೆರೆಕಂಡ ‘ಮಸಾನ್’ ಎಂಬ ಹಿಂದಿ ಚಿತ್ರ. ನಮ್ಮ ‘ಮಸಣ’ ಮತ್ತು ಹಿಂದಿಯ ‘ಮಸಾನ್’ ಎರಡೂ ಸಂಸ್ಕೃತದ ‘ಶ್ಮಶಾನ’ದ ಮಕ್ಕಳು. ನೀರಜ್ ಘಾಯ್ವಾನ್ ನಿರ್ದೇಶಿಸಿ ವರುಣ್ ಗ್ರೋವರ್ ಬರೆದ ಈ ಚಿತ್ರಕ್ಕೆ ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳು ಬಂದವು. ಅದೇ ಸಮಯದಲ್ಲಿ, ಚಿತ್ರದ ಮೊದಲ ಹತ್ತು ನಿಮಿಷಗಳನ್ನು ಕುಟುಂಬದೊಡನೆ ಕುಳಿತು ನೋಡುವುದು ಹೇಗೆ ಎಂದು ಮುಜುಗರಪಟ್ಟವರೂ ಇದ್ದರು. ಮುಜುಗರಕ್ಕೆ ಕಾರಣವಾದದ್ದು ಒಂದು ಹೋಟೆಲ್ ಕೋಣೆ. ಆದರೆ ಚಿತ್ರದ ನಿಜವಾದ ಕೆಣಕು ಆ ಕೋಣೆಯಲ್ಲಿಲ್ಲ, ಮಸಣದಲ್ಲಿದೆ. ಅದನ್ನು ಅರಿಯಲು ರಾಘವಾಂಕನಿಂದಲೇ ಆರಂಭಿಸುವುದು ಒಳ್ಳೆಯದು.

ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ವಾರ್ಧಕ ಷಟ್ಪದಿಯಲ್ಲಿ ‘ಹರಿಶ್ಚಂದ್ರ ಕಾವ್ಯ’ವನ್ನು ರಚಿಸಿದ. ಕಥೆ ಎಲ್ಲರಿಗೂ ಗೊತ್ತಿರುವುದೇ. ಇಂದ್ರಸಭೆಯಲ್ಲಿ ವಸಿಷ್ಠ–ವಿಶ್ವಾಮಿತ್ರರ ನಡುವೆ ಪಂಥ ಹುಟ್ಟುತ್ತದೆ. ಅದರ ಭಾರವನ್ನೆಲ್ಲ ಭೂಲೋಕದ ಅರಸನೊಬ್ಬ ಹೊರಬೇಕಾಗುತ್ತದೆ. ರಾಜ್ಯ ಹೋಯಿತು. ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿ ಮಗನನ್ನು ಬ್ರಾಹ್ಮಣನೊಬ್ಬನಿಗೆ ಮಾರಿದ್ದಾಯಿತು. ಕೊನೆಗೆ ಅರಸ ತನ್ನನ್ನೇ ಮಾರಿಕೊಂಡು, ಅಸ್ಪೃಶ್ಯನೆನಿಸಿದ ವೀರಬಾಹುವಿನ ಆಳಾಗಿ ಮಸಣ ಕಾಯಲು ನಿಂತ. ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿ ಬಂದದ್ದು ಇದೇ ಮಸಣಕ್ಕೆ. ಕಾವಲಿನವನು ಸುಂಕ ಕೇಳಿದ. ಕೊಡಲು ಆಕೆಯ ಬಳಿ ಏನೂ ಇಲ್ಲ. ಕತ್ತಲಲ್ಲಿ ಗಂಡ ಹೆಂಡತಿಯನ್ನು ಗುರುತಿಸಿದ. ಗುರುತಿಸಿದ ಮೇಲೂ ಸುಂಕ ಬಿಡಲಿಲ್ಲ.

ಪ್ರೀತಿಗೂ ಕೆಲಸದ ಕರಾರಿಗೂ ನಡುವೆ ಇಷ್ಟು ಕಠಿಣವಾದ ಇಕ್ಕಟ್ಟನ್ನು ತಂದೊಡ್ಡಿದ ಸನ್ನಿವೇಶ ನಮ್ಮ ಹಳೆಯ ಸಾಹಿತ್ಯದಲ್ಲಿ ಮತ್ತೊಂದಿದೆಯೇ ಎಂಬುದು ಸಂಶಯ. ವೃತ್ತಿನಾಟಕಗಳಲ್ಲೂ ಸಿನಿಮಾಗಳಲ್ಲೂ ಜನ ಕಣ್ಣೀರು ಸುರಿಸಿದ್ದು ಇಲ್ಲಿಯೇ. ಬೇರೆಯವರಿಗೆ ಕಾಣದ ಚಂದ್ರಮತಿಯ ತಾಳಿ ಗಂಡನ ಕಣ್ಣಿಗೆ ಮಾತ್ರ ಕಾಣುವುದು, ಅದರಿಂದ ಅವನು ಅವಳನ್ನು ಗುರುತಿಸುವುದು ಜನಪ್ರಿಯ ರೂಪಗಳಲ್ಲಿ ಬೆಳೆದುಬಂದಿದೆ. ಓದುಗರು ಈ ಒಡವೆಯ ಗುರುತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಭಾರತೀಯ ಚಿತ್ರರಂಗ ಕಣ್ತೆರೆದದ್ದೂ ಈ ಕಥೆಯಿಂದಲೇ. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯಲ್ಲಿ ತೆರೆಕಂಡಿತು. ಸಿನಿಮಾದಲ್ಲಿ ಕೆಲಸ ಮಾಡುವುದು ಮಾನಗೇಡು ಎಂದು ಯಾವ ಹೆಂಗಸೂ ಒಪ್ಪದ್ದರಿಂದ ರಾಣಿಯ ಪಾತ್ರವನ್ನು ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ ಸಾಳುಂಕೆ ಎಂಬ ಯುವಕ ಮಾಡಬೇಕಾಯಿತು. ಕನ್ನಡದಲ್ಲಿ 1943ರಲ್ಲಿ ಆರ್. ನಾಗೇಂದ್ರರಾಯರು ಸುಬ್ಬಯ್ಯ ನಾಯ್ಡು ಅವರನ್ನು ನಾಯಕನನ್ನಾಗಿಸಿ ‘ಸತ್ಯ ಹರಿಶ್ಚಂದ್ರ’ವನ್ನು ತೆಗೆದರು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ ಬಂದಿತು. ಅದರಲ್ಲಿ ರಾಜ್‌ಕುಮಾರ್, ಪಂಡರೀಬಾಯಿ, ಉದಯಕುಮಾರ್, ನರಸಿಂಹರಾಜು ಇದ್ದರು, ವೀರಬಾಹುವಾಗಿ ಎಂ.ಪಿ. ಶಂಕರ್. ಕುಲದ ಮೇಲುಕೀಳನ್ನು ಪ್ರಶ್ನಿಸುವ ಅದರ ಹಾಡು ಇಂದಿಗೂ ನಮ್ಮ ಸಂಘದ ಸಮಾರಂಭಗಳಲ್ಲಿ ಕೇಳಿಬರುತ್ತದೆ.

ಕುಲದ ಪ್ರಶ್ನೆ ಸಿನಿಮಾದವರು ಸೇರಿಸಿದ್ದಲ್ಲ. ಅದು ರಾಘವಾಂಕನಲ್ಲೇ ಇದೆ. ಬೇಟೆಗೆ ಹೋದ ಹರಿಶ್ಚಂದ್ರನ ಮುಂದೆ ವಿಶ್ವಾಮಿತ್ರ ಕಳಿಸಿದ ಇಬ್ಬರು ಗಾಯಕಿಯರು ಹಾಡುತ್ತಾರೆ. ಅರಸ ಮೆಚ್ಚಿ ಉಡುಗೊರೆ ಕೊಡುತ್ತಾನೆ. ಅವರು ಬೆಳ್ಗೊಡೆ ಕೇಳುತ್ತಾರೆ, ಆಗದು ಎನ್ನುತ್ತಾನೆ. ಹಾಗಾದರೆ ಮದುವೆಯಾಗು ಎನ್ನುತ್ತಾರೆ. ಹೀನಕುಲದವರು ನೀವು ಎಂದು ಅರಸ ಕೆರಳುತ್ತಾನೆ. ಆಗ ಅವರು ಹೂಡುವ ವಾದ ಇಂದಿಗೂ ಹರಿತವಾಗಿದೆ: ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ನಮ್ಮ ರೂಪ ಕಂಡ ಕಣ್ಣಿಗೆ ಮೈಲಿಗೆಯಿಲ್ಲ, ಸೋಕಿದರೆ ಮಾತ್ರ ಮೈಲಿಗೆಯೇ ಎಂಬುದು ಅದರ ತಾತ್ಪರ್ಯ. ಇದಕ್ಕೆ ಅರಸನಲ್ಲಿ ಸರಿಯಾದ ಉತ್ತರವಿಲ್ಲ. ಅವರನ್ನು ಹೊಡೆದಟ್ಟುತ್ತಾನೆ. ಯಾವ ಕುಲದ ಹೆಣ್ಣನ್ನು ಒಲ್ಲೆನೆಂದನೋ ಅಂಥ ಕುಲದ ಒಡೆಯನ ಬಳಿಯೇ ಮುಂದೆ ಆಳಾಗಿ ನಿಲ್ಲುವಂತೆ ಕವಿ ಮಾಡಿದ್ದಾನೆ. ಇದು ಕವಿಯ ದೊಡ್ಡತನ.

ಆದರೆ ಕಥೆಯ ಕೊನೆ ಏನು? ಎತ್ತಿದ ಕತ್ತಿ ಕೆಳಗಿಳಿಯುವ ಮುನ್ನ ವಿಶ್ವನಾಥನೇ ಪ್ರತ್ಯಕ್ಷನಾಗುತ್ತಾನೆ. ಮಗ ಏಳುತ್ತಾನೆ, ರಾಜ್ಯ ಮರಳುತ್ತದೆ, ಮಸಣದ ಆಳು ಮತ್ತೆ ಅರಸನಾಗುತ್ತಾನೆ. ಮಾರ್ಕಂಡೇಯ ಪುರಾಣದಲ್ಲಂತೂ ಹರಿಶ್ಚಂದ್ರನನ್ನು ಕೊಂಡ ಚಂಡಾಲನೂ ನಿಜವಾದ ಚಂಡಾಲನಲ್ಲ. ವೇಷ ಮರೆಸಿಬಂದ ಧರ್ಮದೇವತೆ. ಅಂದರೆ ಮಸಣ ಕಾದವನೂ ಕಾಯಿಸಿದವನೂ ಇಬ್ಬರೂ ಅಲ್ಲಿಯವರಲ್ಲ. ಪರೀಕ್ಷೆ ಮುಗಿದೊಡನೆ ಇಬ್ಬರೂ ಎದ್ದುಹೋದರು. ಅಲ್ಲಿ ಉಳಿದವರು ಯಾರು ಎಂಬ ಪ್ರಶ್ನೆಯನ್ನು ಕಥೆ ಕೇಳುವುದಿಲ್ಲ.

ಉಳಿದವರು ಡೋಮರು. ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್‌ಗಳಲ್ಲಿ ಚಿತೆಗೆ ಬೆಂಕಿಯನ್ನು ಇವರಿಂದಲೇ ಪಡೆಯಬೇಕೆಂಬುದು ಅಲ್ಲಿಯ ಕಟ್ಟಳೆ. ಘಾಟ್‌ನ ದುಡಿಮೆ ‘ಪಾರಿ’ ಎಂಬ ಸರದಿಯ ಲೆಕ್ಕದಲ್ಲಿ ಮನೆತನಗಳಿಗೆ ಹಂಚಿಹೋಗಿದ್ದು, ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುತ್ತದೆ. ಇವರ ಮುಖ್ಯಸ್ಥನಿಗೆ ‘ಡೋಮ್ ರಾಜಾ’ ಎಂಬ ಬಿರುದು. 2020ರಲ್ಲಿ ನಿಧನರಾದ ಡೋಮ್ ರಾಜಾ ಜಗದೀಶ್ ಚೌಧರಿ ಅವರಿಗೆ 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಘೋಷಿಸಲಾಯಿತು. ರಾಜನೆಂಬ ಹೆಸರಿದೆ, ಹೆಣ ಮುಟ್ಟಿದ ಕೈಯೆಂಬ ಮೈಲಿಗೆಯೂ ಇದೆ. ಇವರ ಬೆಂಕಿಯಿಲ್ಲದೆ ಮೋಕ್ಷವಿಲ್ಲ, ಇವರ ನೀರು ಮಾತ್ರ ಬೇಡ. ಗಾಯಕಿಯರ ಹಳೆಯ ವಾದ ಇಲ್ಲಿಗೂ ಚೆನ್ನಾಗಿ ಒಪ್ಪುತ್ತದೆ.

‘ಮಸಾನ್’ ಆರಂಭವಾಗುವುದು ಇಲ್ಲಿಂದ. ದೀಪಕ್ ಚೌಧರಿ ಡೋಮರ ಹುಡುಗ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಓದುತ್ತಾನೆ. ಘಾಟ್‌ನಲ್ಲಿ ಮನೆಯವರೊಂದಿಗೆ ಹೆಣವನ್ನೂ ಸುಡುತ್ತಾನೆ. ಶಾಲೂ ಗುಪ್ತಾ ಮೇಲ್ಜಾತಿಯ ಹುಡುಗಿ, ಶಾಯರಿಯ ಹುಚ್ಚಿನವಳು. ಇಬ್ಬರಲ್ಲಿ ಪ್ರೀತಿ ಹುಟ್ಟುತ್ತದೆ. ಮನೆ ಎಲ್ಲಿ ಎಂದು ಅವಳು ಒತ್ತಾಯಿಸಿ ಕೇಳಿದಾಗ ಅವನು ಸಿಡಿದು ತನ್ನ ಕಸುಬನ್ನೂ ಜಾತಿಯನ್ನೂ ಹೇಳಿಬಿಡುತ್ತಾನೆ. ಅವಳು ಹಿಂಜರಿಯುವುದಿಲ್ಲ, ಅಗತ್ಯ ಬಿದ್ದರೆ ಮನೆ ಬಿಟ್ಟು ಬರಲೂ ಸಿದ್ಧಳಾಗುತ್ತಾಳೆ. ಆಮೇಲೆ ಒಂದು ರಾತ್ರಿ, ಯಾತ್ರೆಗೆ ಹೋದ ಬಸ್ಸು ಅಪಘಾತಕ್ಕೀಡಾಗಿ ಸತ್ತವರ ಹೆಣಗಳು ಸಾಲಾಗಿ ಘಾಟ್‌ಗೆ ಬರುತ್ತವೆ. ಕೆಲಸ ಮಾಡುತ್ತ ಮಾಡುತ್ತ ದೀಪಕ್‌ನ ಕಣ್ಣಿಗೆ ಒಂದು ಉಂಗುರ ಬೀಳುತ್ತದೆ. ಅದು ಶಾಲೂವಿನ ಕೈ.

ತಾಳಿಯ ಜಾಗದಲ್ಲಿ ಉಂಗುರ. ಎಂಟು ನೂರು ವರ್ಷಗಳ ಹಿಂದೆ ಕನ್ನಡ ಕವಿ ಹಾಡಿದ ಸನ್ನಿವೇಶ ಅದೇ ನದಿಯ ದಡದಲ್ಲಿ ಮರುಕಳಿಸಿದೆ: ಮಸಣದ ಕೆಲಸದಲ್ಲಿರುವಾಗಲೇ ತನ್ನವಳು ಎದುರಾಗುವುದು. ಆದರೆ ಇಲ್ಲಿ ಅವಳು ಹೆಣ ಹೊತ್ತು ಬಂದವಳಲ್ಲ, ಹೆಣವಾಗಿ ಬಂದವಳು. ಕತ್ತಿ ತಡೆಯಲು ಯಾವ ದೇವರೂ ಬರಲಿಲ್ಲ. ಇವನು ಅರಸನಾಗಿರಲಿಲ್ಲ, ಹಾಗಾಗಿ ಮರಳಿ ಪಡೆಯಲು ರಾಜ್ಯವೂ ಇರಲಿಲ್ಲ.

ಇನ್ನೊಂದು ಎಳೆ ದೇವಿ ಪಾಠಕ್ ಎಂಬ ಯುವತಿಯದು. ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸ ಮಾಡುವ ಈಕೆ ಅಲ್ಲಿ ಪರಿಚಯವಾದ ಪೀಯೂಷನೊಡನೆ ಹೋಟೆಲಿಗೆ ಹೋಗುತ್ತಾಳೆ. ಪೊಲೀಸರು ಬಾಗಿಲು ಒಡೆದು ನುಗ್ಗುತ್ತಾರೆ. ಇನ್ಸ್‌ಪೆಕ್ಟರ್ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾನೆ. ಹುಡುಗ ಹೆದರಿ ಕೈ ಕೊಯ್ದುಕೊಂಡು ಸಾಯುತ್ತಾನೆ. ವಯಸ್ಸಿಗೆ ಬಂದ ಇಬ್ಬರು ಸ್ವಇಚ್ಛೆಯಿಂದ ಕೋಣೆಯಲ್ಲಿದ್ದರೆ ಕಾನೂನಿನ ಕಣ್ಣಿಗೆ ಅಪರಾಧವಲ್ಲ. ಆದರೂ ಆತ್ಮಹತ್ಯೆಗೆ ಪ್ರಚೋದನೆ ಎಂಬ ಬೆದರಿಕೆ ಒಡ್ಡಿ, ಘಾಟ್‌ನಲ್ಲಿ ಪೂಜಾಸಾಮಗ್ರಿ ಮಾರುವ ಆಕೆಯ ತಂದೆಯಿಂದ ಇನ್ಸ್‌ಪೆಕ್ಟರ್ 3 ಲಕ್ಷ ರೂಪಾಯಿ ಕೇಳುತ್ತಾನೆ. ದೇವಿ ಹಿಂದಿನ ಕೆಲಸ ಬಿಟ್ಟು ರೈಲ್ವೆ ಟಿಕೆಟ್ ಕೌಂಟರಿನಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿಯ ಸಹೋದ್ಯೋಗಿ ಸಾಧ್ಯಾಜಿ ತಾನು ತಂದ ಖೀರನ್ನು ಅವಳಿಗೂ ಕೊಡುತ್ತಾನೆ. ಅವಳ ಹಿಂದಿನ ಕಥೆ ಕೆದಕುವುದಿಲ್ಲ. ಕಚೇರಿಗಳಲ್ಲಿ ಬಾಳು ಸವೆಸಿದವರಿಗೆ ಈ ಸಣ್ಣ ದೃಶ್ಯದ ಬೆಲೆ ಗೊತ್ತಾಗುತ್ತದೆ. ಸಹೋದ್ಯೋಗಿಯೊಬ್ಬಳನ್ನು ಮನುಷ್ಯಳೆಂದು ಕಾಣುವುದಕ್ಕಿಂತ ದೊಡ್ಡ ಉಪಕಾರ ಕಚೇರಿಯಲ್ಲಿಲ್ಲ.

ಎರಡು ಎಳೆಗಳನ್ನು ಕೂಡಿಸುವುದು ಅದೇ ಉಂಗುರ. ದೀಪಕ್ ಅದನ್ನು ಗಂಗೆಗೆ ಎಸೆಯುತ್ತಾನೆ. ಕಾಸಿಗಾಗಿ ನೀರಿನಲ್ಲಿ ಮುಳುಗುವ ಹುಡುಗನೊಬ್ಬನಿಗೆ ಅದು ಸಿಗುತ್ತದೆ; ಅದನ್ನು ಮಾರಿದ ಹಣ ಇನ್ಸ್‌ಪೆಕ್ಟರನ ಬಾಕಿ ತೀರಿಸಲು ಒದಗುತ್ತದೆ. ಪುರಾಣದ ಒಡವೆ ಸತ್ಯಕ್ಕೆ ಸಾಕ್ಷಿಯಾಯಿತು, ಸಿನಿಮಾದ ಒಡವೆ ಲಂಚಕ್ಕೆ ಸಂದಿತು. ನಮ್ಮ ಕಾಲದ ಬಗ್ಗೆ ಇದಕ್ಕಿಂತ ಕಟುವಾದ ಮಾತು ಬೇಕೆ?

ಕಾಶಿಯಲ್ಲಿ ಒಪ್ಪಿತವಲ್ಲದ ಪ್ರೀತಿಯನ್ನು ಚಿತ್ರಿಸುವುದು ಸುಲಭವಾಗಿರಲಿಲ್ಲ ಎಂಬುದಕ್ಕೂ ಇತಿಹಾಸವಿದೆ. 2000ದ ಜನವರಿ ಕೊನೆಯಲ್ಲಿ ದೀಪಾ ಮೆಹ್ತಾ ವಿಧವೆಯರ ಬಾಳನ್ನೂ ಅವರಲ್ಲೊಬ್ಬಳ ಪ್ರೇಮವನ್ನೂ ಕುರಿತ ‘ವಾಟರ್’ ಚಿತ್ರೀಕರಣಕ್ಕೆ ಅಲ್ಲಿಗೆ ಬಂದರು. ಚಿತ್ರದ ಕಥೆ 1938ರದು. ಪ್ರತಿಭಟನಕಾರರು ಸೆಟ್ ಒಡೆದು ಗಂಗೆಗೆ ಎಸೆದರು. ರಾಜ್ಯ ಸರ್ಕಾರ ಚಿತ್ರೀಕರಣವನ್ನೇ ನಿಲ್ಲಿಸಿತು. ಚಿತ್ರ ಮುಂದೆ ಶ್ರೀಲಂಕಾದಲ್ಲಿ ಸಿದ್ಧವಾಗಿ 2005ರಲ್ಲಿ ಹೊರಬಂದು, ಭಾರತದ ತೆರೆಗಳಿಗೆ 2007ರಲ್ಲಿ ತಲುಪಿತು. ಹದಿನೈದು ವರ್ಷಗಳ ನಂತರ ‘ಮಸಾನ್’ ಕಾಶಿಯ ಘಾಟ್‌ಗಳಲ್ಲೇ ಚಿತ್ರಿತವಾಗಿ ತೆರೆಕಂಡಿತು. ಇದನ್ನು ಸಣ್ಣ ಬದಲಾವಣೆ ಎನ್ನಲಾಗದು. ನಿರ್ದೇಶಕ ಘಾಯ್ವಾನ್ ತಾವು ದಲಿತರೆಂದು ಬಹಿರಂಗವಾಗಿ ಹೇಳಿಕೊಂಡವರು ಎಂಬುದೂ ಗಮನಾರ್ಹ. ಮಸಣದ ಕಥೆಯನ್ನು ಕಾವಲಿನವನ ಕಡೆಯಿಂದ ಹೇಳಲು ಇಷ್ಟು ಶತಮಾನ ಬೇಕಾಯಿತು.

ಚಿತ್ರದ ಕೊನೆಯಲ್ಲಿ ದೀಪಕ್‌ಗೆ ಅಲಹಾಬಾದಿನಲ್ಲಿ, ಅಂದರೆ 2018ರಿಂದ ಪ್ರಯಾಗರಾಜ್ ಎನಿಸಿರುವ ಊರಿನಲ್ಲಿ, ರೈಲ್ವೆ ಕೆಲಸ ಸಿಗುತ್ತದೆ. ದೇವಿಯೂ ಆ ಊರಿಗೆ ಹೋಗುತ್ತಾಳೆ. ಪರಸ್ಪರ ಗೊತ್ತಿಲ್ಲದ ಈ ಇಬ್ಬರು ಸಂಗಮಕ್ಕೆ ಹೊರಟ ಒಂದೇ ದೋಣಿಯಲ್ಲಿ ಕುಳಿತುಕೊಳ್ಳುತ್ತಾರೆ. ಹರಿಶ್ಚಂದ್ರನನ್ನು ಮಸಣದಿಂದ ಎಬ್ಬಿಸಿದ್ದು ದೇವರ ಕೃಪೆ. ದೀಪಕ್‌ನನ್ನು ಎಬ್ಬಿಸಿದ್ದು ಒಂದು ಡಿಪ್ಲೊಮಾ. ಸರ್ಕಾರಿ ನೌಕರಿಯನ್ನು ನಾವು ಎಷ್ಟೇ ಹಳಿಯಲಿ, ಹುಟ್ಟಿನಿಂದ ಬಂದ ಕಸುಬಿನ ಬಾಗಿಲನ್ನು ಅದು ಹಲವರಿಗೆ ತೆರೆದುಕೊಟ್ಟಿದೆ ಎಂಬುದನ್ನು ಮರೆಯುವಂತಿಲ್ಲ.

ಆದರೆ ಡಿಪ್ಲೊಮಾ ಎಲ್ಲರ ಕೈಗೂ ಬರಲಿಲ್ಲ. 1980ರ ದಶಕದ ಕೊನೆಗೆ ಹರಿಶ್ಚಂದ್ರ ಘಾಟ್‌ಗೆ ವಿದ್ಯುತ್ ಚಿತಾಗಾರ ಬಂದರೂ ಸೌದೆಯ ಚಿತೆಗಳು ಆರಲಿಲ್ಲ, ಪಾರಿಯ ಸರದಿಯೂ ನಿಲ್ಲಲಿಲ್ಲ. ಮುಂದಿನ ಸಲ ಕಾಶಿಗೆ ಹೋಗುವ ನಮ್ಮ ಸಂಘದ ಬಂಧುಗಳು ಕರ್ನಾಟಕ ಘಾಟ್‌ನಿಂದ ಮುಂದೆ ನಡೆಯುವಾಗ ಸತ್ಯಸಂಧನಾದ ಅರಸನನ್ನು ಅಗತ್ಯವಾಗಿ ನೆನೆಯಲಿ. ಅವನು ಎದ್ದುಹೋದ ಮೇಲೆ ಆ ಕಾವಲಿಗೆ ನಿಂತವರು, ಉರಿಯ ಮುಂದೆ ಕೋಲು ಹಿಡಿದು, ಅಲ್ಲೇ ಎದುರಿಗೆ ಕಾಣಿಸುತ್ತಾರೆ.